ಆಫ್ರಿಕಾದ ಅಡುಗೆಮನೆಯ ಮಸಾಲೆಗಳಲ್ಲಿ ಹಾರ್ಮೋನಿನಂಥ ಗುಣ: ಗುರುತಿಸಿ, ತೂಗಿ, ಬಳಸುವ ಕ್ರಮ

ನೈಜೀರಿಯದ ಆಗ್ನೇಯ ಭಾಗದ ಇಗ್ಬೊ ಮನೆಗಳಲ್ಲಿ ಹೆರಿಗೆಯಾದ ಮಗಳ ಆರೈಕೆಗೆ ತಾಯಿ ಬಂದು ಕೆಲವು ವಾರ ಉಳಿಯುವ ಪದ್ಧತಿಗೆ ಒಮುಗ್ವೊ ಎಂದು ಹೆಸರು. ಬಾಣಂತಿಗೆಂದು ಒಲೆಯ ಮೇಲೇರುವ ಮುಖ್ಯ ಅಡುಗೆ ಹೆಗ್ಗೆಣಸಿನ ಹೋಳು, ಒಣಮೀನು, ಉದಾ ಮತ್ತು ಉಝೀಝಾ ಎಂಬ ಮಸಾಲೆಗಳು ಬಿದ್ದ ಖಾರದ ಸಾರು. ಗರ್ಭಕೋಶ ಚೊಕ್ಕವಾಗುತ್ತದೆ, ಹಾಲು ಬರುತ್ತದೆ ಎಂಬುದು ಅಲ್ಲಿನ ಹಿರಿಯರ ನಂಬಿಕೆ. ಬಾಣಂತನದ ಮನೆಯಲ್ಲಿ ಮೆಂತ್ಯದ ಉಂಡೆ, ಕಾಳುಮೆಣಸಿನ ಸಾರು ಕಂಡು ಬೆಳೆದ ನಮಗೆ ಇದು ಅಪರಿಚಿತವಾಗಿ ತೋರುವುದಿಲ್ಲ. ಇತ್ತೀಚೆಗೆ ಇಂಥ ಮಸಾಲೆಗಳಿಗೆ ‘ಹಾರ್ಮೋನಿನಂಥ ಪರಿಣಾಮ’ ಇದೆಯೆಂಬ ಮಾತು ಆರೋಗ್ಯದ ಬರಹಗಳಲ್ಲಿ ಮೇಲಿಂದ ಮೇಲೆ ಕಾಣಿಸುತ್ತಿದೆ. ಆ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ಪ್ರಯೋಗಾಲಯದ ಅಳತೆಯಿಂದ ತೀರ್ಮಾನಿಸದೆ, ನಮ್ಮ ಪಾತ್ರೆಗೆ ಬೀಳುವ ಅಳತೆಯಿಂದ ತೂಗಿ ನೋಡಬೇಕೆಂಬುದು ನನ್ನ ನಿಲುವು. ಅದನ್ನು ಮಾಡುವ ಕ್ರಮವನ್ನು ಕೆಳಗೆ ಹಂತ ಹಂತವಾಗಿ ಕೊಟ್ಟಿದ್ದೇನೆ.

ಹಂತ 1: ‘ಹಾರ್ಮೋನಿನಂಥ’ ಎಂಬ ಮಾತನ್ನು ಬಿಡಿಸಿಕೊಳ್ಳಿ

ಈ ಒಂದೇ ಪದದ ಕೆಳಗೆ ಬೇರೆ ಬೇರೆ ಕೆಲಸಗಳು ಅಡಗಿವೆ. ಅವನ್ನು ಬೇರ್ಪಡಿಸದೆ ಮುಂದೆ ಹೋದರೆ ಎಲ್ಲವೂ ಕಲಸುಮೇಲೋಗರವಾಗುತ್ತದೆ.

ಮೊದಲನೆಯದು, ಸಸ್ಯದ ಅಣುವೊಂದು ದೇಹದ ಹಾರ್ಮೋನು ಕೂರಬೇಕಾದ ಗ್ರಾಹಕದಲ್ಲಿ, ಅಂದರೆ ಜೀವಕೋಶದಲ್ಲಿ ಹಾರ್ಮೋನಿನ ಸಂದೇಶ ಹಿಡಿಯುವ ಬೀಗದಂಥ ಜಾಗದಲ್ಲಿ, ತಾನೇ ಹೋಗಿ ಕೂರುವುದು. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ನಿನ ಗ್ರಾಹಕದಲ್ಲಿ ಕೂರುವ ಇಂಥ ಅಣುಗಳನ್ನು ಸಸ್ಯ ಈಸ್ಟ್ರೋಜನ್ ಎನ್ನುತ್ತಾರೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದು ಜಾತಿಯ ಕ್ಲೋವರ್ ಹುಲ್ಲು ಮೇಯ್ದ ಕುರಿಗಳು ಗರ್ಭ ಕಟ್ಟದೆ ಹೋದಾಗ ಈ ಸಂಗತಿ ಜಗತ್ತಿನ ಗಮನಕ್ಕೆ ಬಂತು. ಸೋಯಾದಲ್ಲಿರುವ ಜೆನಿಸ್ಟೀನ್ ಈ ಗುಂಪಿನದು. ಅಗಸೆಯ ಲಿಗ್ನಾನ್‌ಗಳನ್ನೂ ಇದೇ ಗುಂಪಿಗೆ ಸೇರಿಸುತ್ತಾರಾದರೂ ಅವು ನೇರವಾಗಿ ಕೆಲಸ ಮಾಡುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಎಂಟೆರೋಲ್ಯಾಕ್ಟೋನ್ ಆಗಿ ಮಾರ್ಪಡಿಸಿದ ಮೇಲೆಯೇ ಪರಿಣಾಮ ಸಾಧ್ಯ. ಒಂದೇ ಊಟ ಮಾಡಿದ ಇಬ್ಬರಲ್ಲಿ ಫಲ ಬೇರೆಯಾಗುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಹಾರ್ಮೋನಿನ ಸ್ಥಾನದಲ್ಲಿ ಕೂರದೆ, ಅದು ಕರಗಿಹೋಗುವ ದಾರಿಯನ್ನು ಅಡ್ಡಗಟ್ಟುವುದು. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಅತಿಮಧುರ. ಈಜಿಪ್ಟಿನಲ್ಲಿ ರಂಜಾನ್ ತಿಂಗಳಲ್ಲಿ ಬೀದಿಬೀದಿಯಲ್ಲಿ ಮಾರುವ ಎರ್ಕ್ ಸೂಸ್ ಎಂಬ ಕಡುಕಂದು ಪಾನಕ ಇದರ ಬೇರಿನದೇ. ಅತಿಮಧುರದ ಗ್ಲಿಸಿರೈಝಿನ್, ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಉಳಿದುಹೋದ ಕಾರ್ಟಿಸಾಲ್ ಉಪ್ಪುನೀರಿನ ಸಮತೋಲ ನೋಡಿಕೊಳ್ಳುವ ಇನ್ನೊಂದು ಹಾರ್ಮೋನಿನ ಗ್ರಾಹಕಕ್ಕೆ ಅಂಟಿಕೊಂಡು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಇಲ್ಲಿ ಊಹಾಪೋಹಕ್ಕೆ ಎಡೆಯೇ ಇಲ್ಲ. ಅತಿಮಧುರ ಅತಿಯಾಗಿ ಸೇವಿಸಿ ಆಸ್ಪತ್ರೆ ಸೇರಿದವರ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿ ಹಲವಿವೆ.

ಮೂರನೆಯದು, ನರದ ತುದಿಯನ್ನು ಕೆರಳಿಸಿ ದೇಹದಿಂದಲೇ ಅಡ್ರಿನಲಿನ್ ಮತ್ತು ಅದರ ಬಳಗದ ರಾಸಾಯನಿಕಗಳನ್ನು ಹೊರಡಿಸುವುದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೀಗೆ ಕೆಲಸ ಮಾಡುತ್ತದೆ. ಅದು ತಟ್ಟುವ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ದೊರೆಯಿತು.

ನಾಲ್ಕನೆಯದನ್ನು ಹಾರ್ಮೋನಿನಂಥದು ಎನ್ನುವುದೇ ಅಷ್ಟು ಸರಿಯಲ್ಲ. ಮೆಂತ್ಯದ ಲೋಳೆನಾರು ಹೊಟ್ಟೆಯಲ್ಲಿ ಉಬ್ಬಿ, ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ; ಇನ್ಸುಲಿನ್ನಿನ ಮೇಲಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಫಲವನ್ನು ನೋಡಿ ಜನ ಅದನ್ನು ‘ಇನ್ಸುಲಿನ್ನಿನಂಥ ಗುಣ’ ಎಂದು ಕರೆಯುತ್ತಾರೆ.

ಹಂತ 2: ಸಾಮಾನನ್ನು ಗುರುತು ಹಿಡಿಯಿರಿ

ಆಫ್ರಿಕಾದ ಮಸಾಲೆ ಎಂಬುದು ಒಂದೇ ಡಬ್ಬಿಯಲ್ಲಿ ಹಿಡಿಸುವಂಥದಲ್ಲ. ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿ ಬಂದಿಳಿಯುವ ಮೊದಲೂ ಪಶ್ಚಿಮ ಕರಾವಳಿಯ ಜನ ಖಾರ ಉಣ್ಣುತ್ತಿದ್ದರು. ಆ ಖಾರದ ಮೂಲಗಳೇ ನಮಗಿಲ್ಲಿ ಮುಖ್ಯ.

ಅಫ್ರಮೋಮಮ್ ಮೆಲೆಗೆಟಾ ಏಲಕ್ಕಿ, ಶುಂಠಿಗಳ ಕುಲದ ಗಿಡ. ಕೆಂಗಂದು ಬಣ್ಣದ ಸಣ್ಣ ಬೀಜ. ಅಗಿದರೆ ಮೊದಲು ಏಲಕ್ಕಿಯ ತಂಪು, ಹಿಂದೆಯೇ ಕಾಳುಮೆಣಸಿನ ಉರಿ. ಯೊರೂಬಾ ಭಾಷೆಯಲ್ಲಿ ಇದು ಅಟಾರೆ. ಮಗುವಿಗೆ ಹೆಸರಿಡುವ ದಿನ ಇದರ ಕಾಳು ಇರಲೇಬೇಕು. ಇಗ್ಬೊ ಮನೆಗಳಲ್ಲಿ ಅತಿಥಿಗೆ ಕೋಲಾ ಕಾಯಿಯ ಜೊತೆಗೆ ಇದರ ಬಳಗದ ಕಾಳನ್ನು ಕೊಡುತ್ತಾರೆ, ನಾವು ಎಲೆ ಅಡಿಕೆ ಕೊಟ್ಟ ಹಾಗೆ. ಖಾರದ ಸತ್ವಗಳು 6-ಪ್ಯಾರಡಾಲ್, 6-ಜಿಂಜೆರಾಲ್, 6-ಶೋಗಾಲ್. ಈ ಕುಲದ ಹಣ್ಣುಗಳನ್ನು ಕಾಡಿನ ಗೊರಿಲ್ಲಾಗಳೂ ಇಷ್ಟಪಟ್ಟು ತಿನ್ನುತ್ತವೆ.

ಝೈಲೋಪಿಯ ಈಥಿಯೋಪಿಕಾ ಇಗ್ಬೊದಲ್ಲಿ ಉದಾ, ಯೊರೂಬಾದಲ್ಲಿ ಎರು, ಘಾನಾದ ಅಕಾನ್ ಭಾಷೆಯಲ್ಲಿ ಹ್ವೆಂಟಿಯಾ. ಇದು ಕಪ್ಪಗೆ ಒಣಗಿದ, ಬೆರಳಿನಷ್ಟುದ್ದದ ಗಂಟುಗಂಟಾದ ಕಾಯಿ. ಹೊಗೆಗೆ ಹಿಡಿದ ವಾಸನೆ, ಬಾಯಿಗೆ ಒಗರು ಬೆರೆತ ಕಹಿ. ಸೆನೆಗಲ್‌ನಲ್ಲಿ ಇದನ್ನೇ ಕಾಫಿಬೀಜದ ಜೊತೆ ಹುರಿದು ಪುಡಿಮಾಡಿ ಕೆಫೆ ತೂಬಾ ತಯಾರಿಸುತ್ತಾರೆ. ಅಲ್ಲಿನ ಮುರೀದ್ ಎಂಬ ಸೂಫಿ ಪಂಥದ ಸ್ಥಾಪಕ ಶೇಖ್ ಅಹ್ಮದು ಬಂಬ ಅವರು ಗ್ಯಾಬನ್ನಿನ ಗಡೀಪಾರು ಮುಗಿಸಿ 1902ರಲ್ಲಿ ಮರಳಿದಾಗ ಈ ಕಾಫಿಯನ್ನು ತಂದರೆಂದು ಅಲ್ಲಿನವರು ಹೇಳುತ್ತಾರೆ.

ಉಝೀಝಾ ನಮ್ಮ ಕಾಳುಮೆಣಸಿನ ಸೋದರ, ಪೈಪರ್ ಗಿನೀನ್ಸೆ ಬಳ್ಳಿಯ ಕಾಳು. ಪ್ರತಿ ಕಾಳಿಗೂ ಒಂದು ಪುಟ್ಟ ತೊಟ್ಟು ಅಂಟಿಕೊಂಡಿರುವುದೇ ಗುರುತು. ಎಹುರು ಜಾಯಿಕಾಯಿಯ ವಾಸನೆಯ ಬೀಜ, ಜಾಯಿಕಾಯಿಗೂ ಅದಕ್ಕೂ ಹತ್ತಿರದ ನಂಟೇನೂ ಇಲ್ಲ.

ಇಥಿಯೋಪಿಯದ ಬೆರ್ಬೆರೆ ಪುಡಿಯಲ್ಲಿ ನಮಗೆ ಪರಿಚಿತರೇ ಹೆಚ್ಚು: ಒಣಮೆಣಸಿನಕಾಯಿ, ಮೆಂತ್ಯ, ಓಮ, ಕಲೋಂಜಿ, ಶುಂಠಿ, ಜೊತೆಗೆ ಅಲ್ಲಿನದೇ ಆದ ಕೊರರಿಮಾ ಏಲಕ್ಕಿ. ಕೆಲವರು ತೆನ ಅದಾಮ್ ಎಂಬ ಕಟುವಾಸನೆಯ ಸೊಪ್ಪನ್ನೂ ಸೇರಿಸುತ್ತಾರೆ, ಕಾಫಿಯಲ್ಲೂ ಒಂದು ಕಡ್ಡಿ ಅದ್ದುತ್ತಾರೆ. ನಮ್ಮಲ್ಲಿ ನಾಗದಾಳಿ ಎನ್ನುವ ಸೊಪ್ಪಿನ ಜಾತಿಯದೇ ಅದು. ಕೊನೆಯದಾಗಿ ಹೌಸಾದವರ ದವದವ, ಯೊರೂಬಾದವರ ಇರು: ಪಾರ್ಕಿಯಾ ಮರದ ಕಾಳನ್ನು ಬೇಯಿಸಿ ಹುದುಗಿಸಿದ ಗಬ್ಬುವಾಸನೆಯ ಉಂಡೆ. ಮರದ ಕಾಳು ದುಬಾರಿಯಾದಂತೆ ಈಗ ಅನೇಕ ಕಡೆ ಸೋಯಾದಿಂದ ಮಾಡುತ್ತಾರೆ. ಹಾರ್ಮೋನಿನ ದೃಷ್ಟಿಯಿಂದ ಈ ಬದಲಾವಣೆ ದೊಡ್ಡದು, ಏಕೆಂದರೆ ಸೋಯಾ ಹುದುಗುವಾಗ ಜೆನಿಸ್ಟೀನ್ ಮೊದಲಾದವು ತಮಗೆ ಅಂಟಿದ್ದ ಸಕ್ಕರೆಯ ಅಣುವನ್ನು ಕಳಚಿಕೊಂಡು, ಹೀರಿಕೊಳ್ಳಲು ಸುಲಭವಾದ ರೂಪಕ್ಕೆ ಬರುತ್ತವೆ.

ಹಂತ 3: ಇಡಿಯಾಗಿ ಕೊಳ್ಳಿರಿ

ಪುಡಿಯ ಪೊಟ್ಟಣಕ್ಕಿಂತ ಇಡೀ ಕಾಳು, ಇಡೀ ಕಾಯಿ ಲೇಸು. ಪುಡಿಯಾದ ಮೇಲೆ ಕಲಬೆರಕೆಯೂ ಬೂಷ್ಟೂ ಕಣ್ಣಿಗೆ ಬೀಳುವುದಿಲ್ಲ, ಬಣ್ಣ ಹೆಚ್ಚಿಸಲು ಸೀಸದ ಲವಣ ಬೆರೆಸಿದ ಮಸಾಲೆಗಳು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿವೆ. ಸುಯಾ ಎಂಬ ಪಶ್ಚಿಮ ಆಫ್ರಿಕಾದ ಸುಟ್ಟ ಮಾಂಸಕ್ಕೆ ಸವರುವ ಯಾಜಿ ಪುಡಿಯಲ್ಲಿ ಶೇಂಗಾ ಹಿಂಡಿ ಇರುವುದರಿಂದ ಅದನ್ನು ಹಳೆಯದಾಗಲು ಬಿಡಬೇಡಿ. ಬೂಷ್ಟು ಹಿಡಿದ ಶೇಂಗಾದ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ. ನಾವಿಲ್ಲಿ ಚರ್ಚಿಸುತ್ತಿರುವ ಯಾವುದೇ ಸೂಕ್ಷ್ಮ ಹಾರ್ಮೋನು ಪರಿಣಾಮಕ್ಕಿಂತ ಇವೆರಡೂ ದೊಡ್ಡ ಅಪಾಯಗಳು.

ಹಂತ 4: ಒಂದು ಪಾತ್ರೆ ಸಾರು ಮಾಡಿ ನೋಡಿ

ನಾಲ್ವರಿಗೆ ಅರ್ಧ ಕಿಲೋ ಆಡಿನ ಮಾಂಸ, ಒಂದೂವರೆ ಲೀಟರ್ ನೀರು, ಒಂದು ಈರುಳ್ಳಿ, ಮೂರು ಎಹುರು ಬೀಜ, ಎರಡು ಉದಾ ಕಾಯಿ, ಒಂದು ಚಹಾ ಚಮಚದಷ್ಟು ಉಝೀಝಾ ಕಾಳು, ರುಚಿಗೆ ಉಪ್ಪು ಮತ್ತು ಹಸಿ ಮೆಣಸಿನಕಾಯಿ ಸಾಕು. ಮಾಂಸ ಬಿಟ್ಟವರು ಹೆಗ್ಗೆಣಸು ಮತ್ತು ಅಣಬೆಯಲ್ಲಿ ಮಾಡಬಹುದು. ನನ್ನ ನಾಲಿಗೆಗೆ ಅದೇ ಹೆಚ್ಚು ಒಗ್ಗಿತು.

ಎಹುರು ಬೀಜವನ್ನು ಎಣ್ಣೆಯಿಲ್ಲದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹೊರಳಾಡಿಸುತ್ತ ಹುರಿಯಿರಿ. ಸಿಪ್ಪೆ ಕಪ್ಪುಗಟ್ಟಿ ಹೊಳಪು ಬಂದಾಗ ಇಳಿಸಿ, ಕುಟ್ಟಾಣಿಯಿಂದ ಮೆಲ್ಲಗೆ ತಟ್ಟಿದರೆ ಸಿಪ್ಪೆ ಬಿರಿದು ಒಳಗಿನ ಬೀಜ ಹೊರಬರುತ್ತದೆ. ಹಸಿಯಾಗಿ ಸುಲಿಯಲು ಹೊರಟರೆ ಉಗುರು ಮುರಿಯುತ್ತದೆಯೇ ಹೊರತು ಸಿಪ್ಪೆ ಬಿಡುವುದಿಲ್ಲ. ಸುಲಿದ ಬೀಜವನ್ನು ಉಝೀಝಾ ಜೊತೆ ಕುಟ್ಟಿಕೊಳ್ಳಿ. ಉದಾವನ್ನು ಪುಡಿ ಮಾಡಬೇಡಿ. ಕಾಯಿಯನ್ನು ಗಂಟಿನ ಬಳಿ ಜಜ್ಜಿ ಬಾಯಿ ಬಿಡಿಸಿ, ಒಳಗಿನ ನುಣುಪಾದ ಬೀಜಗಳನ್ನು ಉದುರಿಸಿಬಿಡಿ. ಕಹಿಯೆಲ್ಲ ಆ ಬೀಜದಲ್ಲಿದೆ, ಪರಿಮಳ ತೊಗಟೆಯಲ್ಲಿದೆ. ಮಾಂಸ ಮುಕ್ಕಾಲು ಬೆಂದಾಗ ಇವನ್ನೆಲ್ಲ ಹಾಕಿ ಇನ್ನೂ ಇಪ್ಪತ್ತು ನಿಮಿಷ ಕುದಿಸಿ, ಬಡಿಸುವ ಮುನ್ನ ಉದಾ ತೊಗಟೆಯನ್ನು ತೆಗೆದುಹಾಕಿ. ಕೊನೆಯಲ್ಲಿ ನೈಜೀರಿಯದವರು ಉದುರಿಸುವ ಪರಿಮಳದ ಸೊಪ್ಪು ಸಿಗದಿದ್ದರೆ ಚಿಂತೆಯಿಲ್ಲ, ಅದು ನಮ್ಮ ರಾಮತುಳಸಿಯೇ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಉದಾದ ಬೀಜ ತೆಗೆಯುವುದು, ತೊಗಟೆಯನ್ನು ನೆನೆಸಿ ಎಸೆಯುವುದು ರುಚಿಗಾಗಿ ಹುಟ್ಟಿದ ಕ್ರಮವಾದರೂ, ದೇಹಕ್ಕೆ ಹೋಗುವ ಅಂಶವನ್ನೂ ಅದು ತಗ್ಗಿಸುತ್ತದೆ. ಇಡೀ ಕಾಯನ್ನು ಪುಡಿಮಾಡಿ ಮಾತ್ರೆ ತುಂಬುವವನು ಈ ಅಡುಗೆಯ ವಿವೇಕವನ್ನು ಬಿಟ್ಟುಕೊಟ್ಟಂತೆ.

ಹಂತ 5: ಬಟ್ಟಲಿನ ಲೆಕ್ಕ ಹಾಕಿ

ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಈ ಹಂತ ಸುಲಭ. ನನ್ನ ತಕ್ಕಡಿಯಲ್ಲಿ ಒಂದು ಚಹಾ ಚಮಚ ಮೆಂತ್ಯ ಸುಮಾರು 4 ಗ್ರಾಂ ತೂಗುತ್ತದೆ, ಊಟದ ದೊಡ್ಡ ಚಮಚ ಸುಮಾರು 11 ಗ್ರಾಂ. ಕಾಲು ಕಿಲೋ ಬೆರ್ಬೆರೆಗೆ ಒಂದು ದೊಡ್ಡ ಚಮಚ ಮೆಂತ್ಯ ಹಾಕಿದ್ದೀರೆಂದು ಇಟ್ಟುಕೊಳ್ಳೋಣ. ಒಬ್ಬರ ಬಟ್ಟಲಿನ ಕೋಳಿಸಾರಿಗೆ 7 ಗ್ರಾಂ ಪುಡಿ ಬಿದ್ದರೆ ಅದರಲ್ಲಿ ಮೆಂತ್ಯ 0.3 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧುಮೇಹಿಗಳಿಗೆ ದಿನಕ್ಕೆ ಕೊಟ್ಟದ್ದು ಎಣ್ಣೆ ತೆಗೆದ ಮೆಂತ್ಯದ ಪುಡಿ 100 ಗ್ರಾಂ. ಆಗ ರಕ್ತದ ಸಕ್ಕರೆ ಇಳಿಯಿತು. ಎರಡರ ನಡುವೆ ಮುನ್ನೂರು ಪಟ್ಟಿಗೂ ಮೀರಿದ ಅಂತರವಿದೆ. ಹೀಗಾಗಿ ಬೆರ್ಬೆರೆಯ ಸಾರು ಉಂಡು ಸಕ್ಕರೆ ಇಳಿಯಿತೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಸುಡಾನಿನ ಬಾಣಂತಿಯರಿಗೆ ಕೊಡುವ ಮದೀದ ಹಿಲ್ಬಾ ಎಂಬ ಮೆಂತ್ಯದ ಗಂಜಿಯ ಮಾತು ಬೇರೆ. ಅಲ್ಲಿ ಮೆಂತ್ಯವೇ ಮುಖ್ಯ ಪದಾರ್ಥ, ಲೆಕ್ಕ ಗ್ರಾಂಗಳಲ್ಲಿ ನಡೆಯುತ್ತದೆ.

ಮೆಂತ್ಯದ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸಿಬಿಡಬೇಕು. ಅದರಲ್ಲಿ ಡಯೋಸ್ಜೆನಿನ್ ಎಂಬ ಸತ್ವ ಇದೆ, ಡಯೋಸ್ಜೆನಿನ್‌ನಿಂದ ಪ್ರೊಜೆಸ್ಟರಾನ್ ಹಾರ್ಮೋನು ತಯಾರಾಗುತ್ತದೆ, ಆದುದರಿಂದ ಮೆಂತ್ಯ ತಿಂದರೆ ಪ್ರೊಜೆಸ್ಟರಾನ್ ಸಿಗುತ್ತದೆ ಎಂಬ ವಾದ ಎಲ್ಲೆಡೆ ಓಡಾಡುತ್ತಿದೆ. ಮೊದಲೆರಡು ಮಾತು ನಿಜ. ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ 1940ರ ದಶಕದಲ್ಲಿ ಮೆಕ್ಸಿಕೋದ ಕಾಡುಗೆಣಸಿನ ಡಯೋಸ್ಜೆನಿನ್‌ನಿಂದಲೇ ಪ್ರೊಜೆಸ್ಟರಾನ್ ತಯಾರಿಸಿದರು. ಆ ಬದಲಾವಣೆ ನಡೆದದ್ದು ಗಾಜಿನ ಪಾತ್ರೆಗಳಲ್ಲಿ, ಒಂದರ ಹಿಂದೊಂದು ರಾಸಾಯನಿಕ ಕ್ರಿಯೆಯಿಂದ. ಅದಕ್ಕೆ ಬೇಕಾದ ಕಿಣ್ವ ಮನುಷ್ಯನ ದೇಹದಲ್ಲಿ ಇಲ್ಲ.

ಅಟಾರೆಯ ಲೆಕ್ಕ ಕುತೂಹಲಕರವಾಗಿದೆ. 2013ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 19 ಯುವಕರಿಗೆ ಅದರ ಸಾರವನ್ನು ಕೇವಲ 40 ಮಿಲಿಗ್ರಾಂ ಕೊಡಲಾಯಿತು. ದೇಹದಲ್ಲಿ ಶಾಖ ಹುಟ್ಟಿಸುವ ಕಂದು ಕೊಬ್ಬು ಸಕ್ರಿಯವಾಗಿದ್ದ 12 ಮಂದಿಯಲ್ಲಿ ಶಕ್ತಿಯ ವ್ಯಯ ಹೆಚ್ಚಿತು, ಉಳಿದವರಲ್ಲಿ ಹೆಚ್ಚಲಿಲ್ಲ. ತೂಕ ಇಳಿಸುವ ಮಾತ್ರೆ ಮಾರುವವರು ಮೊದಲರ್ಧವನ್ನು ಮಾತ್ರ ಹೇಳುತ್ತಾರೆ.

ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್‌ನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಕಾಳುಮೆಣಸಿನ ತೂಕದಲ್ಲಿ ನೂರಕ್ಕೆ ಸುಮಾರು 5ರಿಂದ 9 ಭಾಗ ಪೈಪರಿನ್. ಉಝೀಝಾದಲ್ಲೂ ಅದು ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರಿಸಿನದ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ, ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಇಪ್ಪತ್ತು ಪಟ್ಟಿನಷ್ಟು ಹೆಚ್ಚಿತು. ಆ 20 ಮಿಲಿಗ್ರಾಂ ಎಂದರೆ ಅರ್ಧ ಗ್ರಾಮಿಗೂ ಕಡಿಮೆ ಕಾಳುಮೆಣಸು, ನಮ್ಮ ಒಂದು ಬಟ್ಟಲು ಮೆಣಸಿನ ಸಾರಿನಷ್ಟೇ. ಅಂದರೆ ಅಡುಗೆಯ ಅಳತೆಯಲ್ಲಿಯೇ ಪರಿಣಾಮದ ಮಟ್ಟ ಮುಟ್ಟಬಹುದಾದ ಪದಾರ್ಥ ಇದು. ತಾನು ಹಾರ್ಮೋನಿನಂತೆ ನಡೆದುಕೊಳ್ಳದಿದ್ದರೂ, ಜೊತೆಗೆ ನುಂಗಿದ ಬೇರೆ ಸತ್ವಗಳ ಮತ್ತು ಔಷಧಗಳ ಹೀರಿಕೆಯನ್ನು ಬದಲಾಯಿಸಬಲ್ಲದು.

ದಾಲ್ಚಿನ್ನಿಯೂ ಹೀಗೆ ಅಡುಗೆಯ ಅಳತೆಯಲ್ಲೇ ಮಿತಿ ಮುಟ್ಟಬಲ್ಲದು. ಮೊರೊಕ್ಕೊದ ರಸ್ ಎಲ್ ಹನೂತ್ ಮಿಶ್ರಣಕ್ಕೆ, ಜಾಂಜಿಬಾರಿನ ಪಿಲಾವಿಗೆ ಅದು ಬೇಕೇ ಬೇಕು. ಅಗ್ಗದ ಕ್ಯಾಸಿಯಾ ಬಗೆಯಲ್ಲಿ, ಅತಿಯಾದರೆ ಯಕೃತ್ತಿಗೆ ಹಾನಿ ಮಾಡಬಲ್ಲ ಕೂಮರಿನ್ ಹೆಚ್ಚು. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ದೇಹತೂಕದ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಕೂಮರಿನ್ ಮಿತಿ ಹಾಕಿದೆ. ಅರವತ್ತು ಕಿಲೋ ತೂಗುವವರಿಗೆ ಸುಮಾರು 2 ಗ್ರಾಂ ಕ್ಯಾಸಿಯಾ ಪುಡಿಯಲ್ಲಿ ಆ ಮಿತಿ ತಲುಪಿಬಿಡಬಹುದು. ಸಕ್ಕರೆ ಇಳಿಸಲೆಂದು ದಿನವೂ ಚಮಚಗಟ್ಟಲೆ ತಿನ್ನುವವರು ಸಿಲೋನ್ ಬಗೆಯನ್ನು ಆರಿಸುವುದು ಒಳ್ಳೆಯದು.

ಹಂತ 6: ಸಂಶೋಧನೆಯ ಸುದ್ದಿ ಓದುವಾಗ ನಾಲ್ಕು ಪ್ರಶ್ನೆ ಕೇಳಿ

ಪ್ರಯೋಗ ನಡೆದದ್ದು ಜೀವಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ಬಳಸಿದ್ದು ಅಡುಗೆಯ ಪದಾರ್ಥವೋ, ಮದ್ಯಸಾರದಲ್ಲಿ ತೆಗೆದ ಸಾರವೋ? ಅಳತೆ ಎಷ್ಟು? ಅಣು ಗ್ರಾಹಕಕ್ಕೆ ಅಂಟಿತು ಎಂದಷ್ಟೇ ತೋರಿಸಿದ್ದಾರೋ, ಅಂಟಿದ ಮೇಲೆ ಕೆಲಸ ಮಾಡಿತೆಂದೂ ತೋರಿಸಿದ್ದಾರೋ?

ಕೊನೆಯ ಪ್ರಶ್ನೆ ಏಕೆ ಮುಖ್ಯ ಎಂಬುದಕ್ಕೆ 1998ರ ಅಮೆರಿಕದ ಅಧ್ಯಯನವೊಂದು ಸಾಕ್ಷಿ. ಅದರಲ್ಲಿ 150ಕ್ಕೂ ಹೆಚ್ಚು ಸೊಪ್ಪು, ಬೇರು, ಮಸಾಲೆಗಳನ್ನು ಪರೀಕ್ಷಿಸಲಾಗಿತ್ತು. ಈಸ್ಟ್ರೋಜನ್ ಗ್ರಾಹಕಕ್ಕೆ ಹೆಚ್ಚು ಅಂಟಿದವುಗಳಲ್ಲಿ ಸೋಯಾ, ಅತಿಮಧುರ, ಅರಿಸಿನ ಮತ್ತು ಉತ್ತರ ಆಫ್ರಿಕಾದ ಅಡುಗೆಯಲ್ಲಿ ಧಾರಾಳವಾಗಿ ಬಳಸುವ ಥೈಮ್ ಇದ್ದವು. ಇವು ಸಾಮಾನ್ಯವಾಗಿ ಈಸ್ಟ್ರೋಜನ್ನಿನಂತೆಯೇ ವರ್ತಿಸಿದವು. ಪ್ರೊಜೆಸ್ಟರಾನ್ ಗ್ರಾಹಕಕ್ಕೂ ಅರಿಸಿನ, ಥೈಮ್ ಅಂಟಿದವು, ಆದರೆ ಅಲ್ಲಿ ಅಂಟಿದ ಸಾರಗಳು ಒಂದೋ ಸುಮ್ಮನೆ ಕುಳಿತವು, ಇಲ್ಲವೇ ನಿಜವಾದ ಹಾರ್ಮೋನಿಗೆ ಅಡ್ಡಿಯಾದವು. ಬೀಗಕ್ಕೆ ತೂರಿದ ಕೀಲಿಯೆಲ್ಲ ತಿರುಗುವುದಿಲ್ಲ.

ಉದಾದ ವಿಷಯದಲ್ಲಿ ಮೊದಲ ಮೂರು ಪ್ರಶ್ನೆಗಳು ನೆರವಾಗುತ್ತವೆ. ಅದರ ಝೈಲೋಪಿಕ್ ಆಮ್ಲವನ್ನು ಗಂಡು ಇಲಿಗಳಿಗೆ ಕೊಟ್ಟ ಘಾನಾದ ಪ್ರಯೋಗಗಳಲ್ಲಿ ವೀರ್ಯಾಣುಗಳು ಕುಗ್ಗಿದ್ದು ಕಂಡುಬಂದಿದೆ. ಇದು ಇಲಿಯಲ್ಲಿ, ಬೇರ್ಪಡಿಸಿದ ಸತ್ವದಿಂದ, ಸಾರಿನ ಬಟ್ಟಲಿಗಿಂತ ಎಷ್ಟೋ ಹೆಚ್ಚಿನ ಅಳತೆಯಲ್ಲಿ ಕಂಡ ಫಲ. ಸಾರು ಉಣ್ಣುವವರು ಹೆದರಬೇಕಾಗಿಲ್ಲ. ಸಾಂದ್ರ ಸಾರದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಲು ಹೊರಟವರು ಯೋಚಿಸಬೇಕು.

ಹಂತ 7: ಯಾರು, ಎಲ್ಲಿ ಕೈ ಹಿಡಿಯಬೇಕು

ಗರ್ಭಿಣಿಯರು ಸಾರಿಗೆ ಬೀಳುವ ಚಿಟಿಕೆ ಮಸಾಲೆಗೆ ಅಂಜಬೇಕಿಲ್ಲ. ಮೆಂತ್ಯ, ಅಟಾರೆ, ಉದಾಗಳ ಕಷಾಯವನ್ನೂ ಮಾತ್ರೆಗಳನ್ನೂ ಮಾತ್ರ ಹೆರಿಗೆಯವರೆಗೆ ದೂರವಿಡಬೇಕು, ತೆನ ಅದಾಮ್ ಸೊಪ್ಪನ್ನಂತೂ ಪೂರ್ತಿ ಬಿಡಬೇಕು. ಗರ್ಭಪಾತಕ್ಕೆ ಬಳಸಿದ ಇತಿಹಾಸ ಆ ಸೊಪ್ಪಿಗಿದೆ. ಒಮುಗ್ವೊ ಪದ್ಧತಿಯಲ್ಲಿ ಉದಾದ ಸಾರು ಹೆರಿಗೆಯ ನಂತರ ಬರುತ್ತದೆ ಎಂಬುದನ್ನು ಗಮನಿಸಿ. ಹೆರಿಗೆಯ ಸಮಯಕ್ಕೆ ತಾಯಿ ಮೆಂತ್ಯ ಹೆಚ್ಚಾಗಿ ಸೇವಿಸಿದ್ದರೆ ಮಗುವಿನ ಮೂತ್ರಕ್ಕೆ ಕಾಸಿದ ಸಕ್ಕರೆಪಾಕದ ವಾಸನೆ ಬರಬಹುದು; ಅಪರೂಪದ ಒಂದು ಆನುವಂಶಿಕ ಕಾಯಿಲೆಯಲ್ಲೂ ಅದೇ ವಾಸನೆ ಇರುವುದರಿಂದ, ಮೆಂತ್ಯ ತಿಂದ ವಿಷಯವನ್ನು ಮಕ್ಕಳ ವೈದ್ಯರಿಗೆ ಮುಚ್ಚಿಡಬಾರದು.

ರಕ್ತದೊತ್ತಡ ಇರುವವರು ಎರ್ಕ್ ಸೂಸ್ ಮುಟ್ಟದಿರುವುದೇ ಮೇಲು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯಲ್ಲಿರುವವರು ಮೆಂತ್ಯದ ಗಂಜಿಯನ್ನು ದಿನಚರಿಗೆ ಸೇರಿಸುವ ಮೊದಲು, ಒಂದೇ ಬಗೆಯ ಊಟವನ್ನು ಒಂದು ದಿನ ಗಂಜಿಯೊಡನೆ, ಇನ್ನೊಂದು ದಿನ ಗಂಜಿಯಿಲ್ಲದೆ ಮಾಡಿ, ಊಟದ ಮೊದಲೂ ಎರಡು ಗಂಟೆಯ ನಂತರವೂ ಸಕ್ಕರೆ ಅಳೆದು ಬರೆದಿಟ್ಟುಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಮೆಂತ್ಯದ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಶೇಂಗಾ ಅಥವಾ ಕಡಲೆ ಅಲರ್ಜಿ ಇರುವ ಕೆಲವರಿಗೆ ಮೆಂತ್ಯವೂ ಒಗ್ಗುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ ದವದವದ ಊಟಕ್ಕೂ ಮಾತ್ರೆಗೂ ನಡುವೆ ಕೆಲವು ಗಂಟೆ ಬಿಡಬೇಕು. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು ಯಾವುದೇ ಸಾಂದ್ರ ಸಾರವನ್ನು ತಮ್ಮ ವೈದ್ಯರನ್ನು ಕೇಳದೆ ಆರಂಭಿಸಬಾರದು.

ವೈದ್ಯರ ಬಳಿ ಹೋದಾಗ ‘ಆಫ್ರಿಕಾದ ಮಸಾಲೆ ತಿನ್ನುತ್ತಿದ್ದೇನೆ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಒಂದು ಚೀಟಿಯಲ್ಲಿ ಮಸಾಲೆಯ ಊರಿನ ಹೆಸರು, ಸಸ್ಯಶಾಸ್ತ್ರದ ಹೆಸರು, ಕಾಳೋ ಪುಡಿಯೋ ಮಾತ್ರೆಯೋ ಎಂಬುದು, ಒಂದು ಸಲಕ್ಕೆ ಎಷ್ಟು ಗ್ರಾಂ, ವಾರಕ್ಕೆ ಎಷ್ಟು ಸಲ ಎಂಬುದನ್ನು ಬರೆದು, ಸಾಧ್ಯವಾದರೆ ನಾಲ್ಕು ಕಾಳನ್ನೂ ಪೊಟ್ಟಣ ಕಟ್ಟಿಕೊಂಡು ಹೋಗಿ ತೋರಿಸಿ.